ಎತ್ತಿದ ಎಲೆ

“ದೇವರಲ್ಲಿ ನಂಬಿಕೆಯೇ ಇಲ್ಲದವರಲ್ಲಿ ಅಧ್ಯಾತ್ಮ ಇರಬಹುದೇ, ಗುರುಗಳೇ? ಇದ್ದರೆ ಅದರ ಗುರುತೇನು?”

ಶಿಷ್ಯನ ದನಿಯಲ್ಲಿ ಪ್ರಶ್ನೆಗಿಂತ ದೂರು ಹೆಚ್ಚಾಗಿತ್ತು. ಹಿಂದಿನ ದಿನ ಮಠಕ್ಕೆ ಬಂದವರ ಮುಂದೆ ಗುರುಗಳು, ನಂಬಿಕೆ ಬೇರೆ, ಅಧ್ಯಾತ್ಮ ಬೇರೆ, ಒಂದು ಇರುವ ಕಡೆ ಇನ್ನೊಂದು ಇರಲೇಬೇಕೆಂದಿಲ್ಲ ಎಂದು ಹೇಳಿಬಿಟ್ಟಿದ್ದರು. ಜನ ತಲೆದೂಗಿ ಎದ್ದು ಹೋದರು. ಶಿಷ್ಯನಿಗೆ ಮಾತ್ರ ಆ ಮಾತು ಬಾಯಲ್ಲಿ ಬಿಸಿತುಪ್ಪವಾಯಿತು. ಅವನು ನೇಮದಲ್ಲಿ ಗಟ್ಟಿಗ. ತಣ್ಣೀರ ಸ್ನಾನ ತಪ್ಪಿಸಿದವನಲ್ಲ, ಉಪವಾಸ ಮುರಿದವನಲ್ಲ. ಯಾವ ವ್ರತಕ್ಕೆ ಯಾವ ವಿಧಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನು. ಇದೊಂದೂ ಇಲ್ಲದವರಿಗೆ ಅದು ಸಿಗುವುದಾದರೆ ತಾನು ಇಷ್ಟು ಕಾಲ ಮಾಡಿದ್ದೇನು ಎಂಬ ದಿಗಿಲು ಅವನಿಗೆ ಹತ್ತಿಕೊಂಡಿತ್ತು.

“ಗುರುತು ಬೇಕೇ?” ಎಂದರು ಗುರುಗಳು.

“ಬೇಕು.”

“ಹಾಗಾದರೆ ಕೂತುಕೋ. ಒಬ್ಬ ಗೃಹಸ್ಥನ ಕತೆ ಹೇಳುತ್ತೇನೆ.”

ಒಂದು ಊರಿನ ಅಂಚಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನಿಗೊಂದು ವ್ರತವಿತ್ತು. ಪರಊರಿನವನೊಬ್ಬ ಬಂದು ತನ್ನ ಮನೆಯಲ್ಲಿ ಉಂಡ ಹೊರತು ಅವನು ಬಾಯಿಗೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ನೆಂಟರು ಲೆಕ್ಕಕ್ಕಿಲ್ಲ, ಊರಿನವರು ಲೆಕ್ಕಕ್ಕಿಲ್ಲ. ಗುರುತಿಲ್ಲದವನು ಬರಬೇಕು, ಕಾಲು ತೊಳೆಸಿಕೊಳ್ಳಬೇಕು, ಎಲೆಯ ಮುಂದೆ ಕೂತು ಉಣ್ಣಬೇಕು. ಮನೆ ದಾರಿಯ ಪಕ್ಕದಲ್ಲೇ ಇದ್ದುದರಿಂದ ಅತಿಥಿಗಳಿಗೆ ಬರವಿರಲಿಲ್ಲ. ವರ್ಷಗಳ ಕಾಲ ವ್ರತ ನಡೆಯಿತು, ಹತ್ತೂರಿನಲ್ಲಿ ಹೆಸರಾಯಿತು. ಆ ದಾರಿಯಲ್ಲಿ ಹೋಗುವವರು ಬುತ್ತಿ ಕಟ್ಟಿಕೊಳ್ಳುವುದನ್ನೇ ಬಿಟ್ಟರು.

ಗೃಹಸ್ಥ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕತೆಯಲ್ಲಿ ಒಬ್ಬ ಕೆಟ್ಟವನು ಸಿಕ್ಕಿದರೆ ಕೇಳುವವರಿಗೆ ಬಹಳ ಸುಖ, ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಹಾಯಾಗಿ ಕೂತಿರಬಹುದು. ಅತಿಥಿಯ ಕಾಲು ತೊಳೆಯುವಾಗ ಇವನ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಅತಿಥಿಯಲ್ಲಿ ದೇವರನ್ನು ಕಾಣುತ್ತೇನೆ ಎನ್ನುತ್ತಿದ್ದ, ಕಾಣುತ್ತಲೂ ಇದ್ದ.

ಯಜಮಾನ ಉಣ್ಣದೆ ಆ ಮನೆಯಲ್ಲಿ ಬೇರೆ ಯಾರೂ ಉಣ್ಣುವಂತಿರಲಿಲ್ಲ. ಅತಿಥಿ ತಡವಾಗಿ ಬಂದ ದಿನ ಆಳುಗಳ ಹೊಟ್ಟೆ ತಾಳ ಹಾಕುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವರು ಕೊಟ್ಟಿಗೆಯಲ್ಲಿ ಪಿಸುಗುಟ್ಟುತ್ತಿದ್ದರು. ಗೃಹಸ್ಥನ ಹೆಂಡತಿ ಹಿತ್ತಿಲ ಬಾಗಿಲಿನಿಂದ ಅವರಿಗೆ ಮುದ್ದೆ ದಾಟಿಸಿಬಿಡುತ್ತಿದ್ದಳು. ಇದು ಗೃಹಸ್ಥನಿಗೆ ಗೊತ್ತಿರಲಿಲ್ಲ.

ಆ ಹೆಂಡತಿಯದೇ ಅವನಿಗೆ ಒಂದು ಕೊರಗು. ಅವಳಿಗೆ ಭಕ್ತಿಯಿರಲಿಲ್ಲ. ದೇವರ ಕೋಣೆಯನ್ನು ಗುಡಿಸಿ ಸಾರಿಸುತ್ತಿದ್ದಳು, ಕೈ ಮುಗಿಯುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ದೇವ್ರು ಇದ್ರೆ ಇರ್ಲಿ. ನಂಗಂತೂ ಗೊತ್ತಾಗಿಲ್ಲ. ಗೊತ್ತಾಗದ್ದನ್ನ ಗೊತ್ತು ಅಂತ ಯಾಕೆ ಹೇಳ್ಲಿ?” ಎನ್ನುತ್ತಿದ್ದಳು. ಗೃಹಸ್ಥ ನೊಂದುಕೊಳ್ಳುತ್ತಿದ್ದ. ಆಮೇಲೆ, ತನ್ನ ಪುಣ್ಯದ ಗಾಡಿಯಲ್ಲಿ ಅವಳಿಗೂ ಒಂದು ಜಾಗ ಇದ್ದೇ ಇರುತ್ತದೆ ಎಂದು ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಒಂದು ಸಲ ಸುತ್ತಲಿನ ಊರುಗಳಲ್ಲಿ ಜ್ವರ ಬಂತು. ಮನೆಯಿಂದ ಮನೆಗೆ ಹಬ್ಬುವ ಜ್ವರ. ಜನ ಊರು ಬಿಟ್ಟು ಊರಿಗೆ ಹೋಗುವುದನ್ನು ನಿಲ್ಲಿಸಿದರು. ದಾರಿ ಬರಿದಾಯಿತು. ಮೊದಮೊದಲು ದಿನಕ್ಕೊಬ್ಬನಾದರೂ ಬಂದ. ಆಮೇಲೆ ಒಂದು ದಿನ ಯಾರೂ ಬರಲಿಲ್ಲ.

ಊಟದ ಹೊತ್ತು ಮೀರಿತು. ಹೆಂಡತಿ ಆರಿದ ಅನ್ನ ತೆಗೆದಿಟ್ಟು ಮತ್ತೆ ಬಿಸಿ ಅನ್ನ ಮಾಡಿದಳು. ಅದೂ ಆರಿತು. ಗೃಹಸ್ಥ ಬಾಗಿಲಿಗೂ ದಾರಿಗೂ ಅಲೆದ. ಹಸಿವು ಅವನನ್ನು ಅಷ್ಟಾಗಿ ಕಾಡಲಿಲ್ಲ, ಅವನಿಗೆ ಅಭ್ಯಾಸವಿತ್ತು. ಹೊತ್ತು ಮುಳುಗುವುದರೊಳಗೆ ಅತಿಥಿಯೊಬ್ಬ ಉಣ್ಣದಿದ್ದರೆ ವ್ರತ ಮುರಿಯುತ್ತದೆ, ಅದು ಅವನನ್ನು ಕಾಡಿತು. ಎದುರುಮನೆಯ ಮುದುಕ ಜಗುಲಿಯ ಮೇಲೆ ಕೂತು, “ಏನ್ ಯಜಮಾನ್ರೆ, ಇವತ್ತು ದೇವ್ರಿಗೆ ಬೇರೆ ಕಡೆ ಊಟ ಇರ್ಬೇಕು” ಎಂದು ನಕ್ಕ. ಆ ನಗು ಗೃಹಸ್ಥನ ಎದೆಗೆ ನಾಟಿತು. ನಾಳೆ ಹತ್ತೂರಿನಲ್ಲಿ ಇದೇ ನಗು ಎಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ದಾರಿಯಲ್ಲಿ ಒಬ್ಬ ಕಾಣಿಸಿದ. ಓಡಿ ಬರುತ್ತಿದ್ದ. ಪರಊರಿನ ಕೂಲಿಯವನು. ಬಲಗೈ ಮುಷ್ಟಿ ಕಟ್ಟಿತ್ತು. ಗೃಹಸ್ಥ ಕುಣಿದಾಡುವುದೊಂದು ಬಾಕಿ. ಎರಡೂ ಕೈ ಚಾಚಿ ಅಡ್ಡ ನಿಂತು, ಬಾರಪ್ಪ, ಉಂಡು ಹೋಗು ಎಂದ.

“ದಾರಿ ಬಿಡಿ ಬುದ್ಧಿ,” ಎಂದ ಕೂಲಿಯವನು. ಅವನಿಗೆ ಏದುಸಿರು. “ಮಗೀಗೆ ಜ್ವರ. ಎದೆ ಕಟ್ಕೊಂಡೈತೆ, ಉಸ್ರು ಸಿಕ್ತಿಲ್ಲ. ಬೇರು ಇಸ್ಕೊಂಡು ಹೋಯ್ತಾ ಇವ್ನಿ. ಹೊತ್ತು ಮುಳುಗೋದ್ರೊಳ್ಗೆ ಕುಡಿಸ್ಬೇಕು ಅಂದವ್ರೆ ಔಷ್ದಿ ಕೊಟ್ಟೋರು. ನಾಳೆ ಬಂದು ಉಣ್ತೀನಿ, ನಿಮ್ಮ ದಮ್ಮಯ್ಯ.”

ಗೃಹಸ್ಥನಿಗೆ ಇದು ಕೇಳಿಸಲಿಲ್ಲ ಎನ್ನಬೇಡ. ಕೇಳಿಸಿತು. ಅವನ ಕರುಳು ಚುರುಕ್ ಎಂದಿತು. ಆದರೆ ಅವನ ಬುದ್ಧಿ ಕೂಡಲೇ ಒಂದು ದಾರಿ ಹುಡುಕಿ ಕೊಟ್ಟಿತು. ವ್ರತ ಹಿಡಿದವರ ಬುದ್ಧಿ ಇಂಥ ಕಡೆ ಬಹಳ ಚುರುಕು. “ನನ್ನ ಇಷ್ಟು ವರ್ಷದ ಪುಣ್ಯದಲ್ಲಿ ಅರ್ಧ ನಿನ್ನ ಮಗುವಿಗೆ ಧಾರೆ ಎರೆದು ಕೊಡ್ತೀನಿ. ಯಾವ ಬೇರಿಗಿದೆ ಅಷ್ಟು ಶಕ್ತಿ? ಒಂದೇ ಒಂದು ತುತ್ತು ಉಂಡು ಹೋಗು” ಎಂದ. ಹಾಗೆಂದವನೇ ದಾರಿಗೆ ಅಡ್ಡಲಾಗಿ ಉದ್ದಕ್ಕೆ ಮಲಗಿಬಿಟ್ಟ.

ದಾರಿಯ ಎರಡು ಕಡೆಯೂ ಕಳ್ಳಿಬೇಲಿ. ಮುಂದೆ ಹೋಗಬೇಕಾದರೆ ಮಲಗಿದವನನ್ನು ದಾಟಿಯೇ ಹೋಗಬೇಕು. ಆ ಸೀಮೆಯಲ್ಲಿ ಮಲಗಿದ ಮನುಷ್ಯನನ್ನು ಯಾರೂ ದಾಟುವುದಿಲ್ಲ. ದಾಟಿದರೆ ಮಲಗಿದವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ಬೇರೆ ದಿನವಾಗಿದ್ದರೆ ಕೂಲಿಯವನು ಏನು ಮಾಡುತ್ತಿದ್ದನೋ. ಮಗುವಿನ ಜೀವ ಉಳಿಯಲೆಂದು ಓಡುತ್ತಿದ್ದವನಿಗೆ ಅವತ್ತು ಇನ್ನೊಬ್ಬನ ಆಯುಸ್ಸಿನ ಮೇಲೆ ಕಾಲಿಡಲು ಮನಸ್ಸು ಬರಲಿಲ್ಲ. ಬಿಸಿಲನ್ನು ನೋಡಿದ, ಬೇಲಿಯನ್ನು ನೋಡಿದ, ಮಲಗಿದವನನ್ನು ನೋಡಿದ. “ಬಿರ್ರನೆ ಇಕ್ಕಿ ಬುದ್ಧಿ” ಎಂದು ಅಳುತ್ತ ಒಳಗೆ ಬಂದ.

ಬಿರ್ರನೆ ಇಕ್ಕಲು ವ್ರತದಲ್ಲಿ ಅವಕಾಶವಿರಲಿಲ್ಲ. ಕಾಲು ತೊಳೆಯಬೇಕು, ಆ ನೀರನ್ನು ತಲೆಗೆ ಹಚ್ಚಿಕೊಳ್ಳಬೇಕು. ಮಣೆ ಹಾಕಬೇಕು, ಎಲೆಗೆ ನೀರು ಚಿಮುಕಿಸಬೇಕು. ಉಪ್ಪು ಮೊದಲು, ಪಲ್ಯ ಆಮೇಲೆ, ಅನ್ನ ಅದರ ಮೇಲೆ, ಅನ್ನಕ್ಕೆ ತುಪ್ಪ. ಗೃಹಸ್ಥ ಒಂದನ್ನೂ ಬಿಡಲಿಲ್ಲ. ಅವನ ಮುಖದಲ್ಲಿ ಗೆದ್ದವನ ಕಳೆಯಿತ್ತು. ಕೂಲಿಯವನು ಬಲ ಮುಷ್ಟಿಯಲ್ಲಿದ್ದುದನ್ನು ಎಡಗೈಗೆ ಬದಲಾಯಿಸಿಕೊಂಡು ಅನ್ನಕ್ಕೆ ಕೈ ಹಾಕಿದ. ಅವಸರದಲ್ಲಿ ಅನ್ನ ಎಲೆಯಾಚೆಗೆ ಚೆಲ್ಲಿತು. ಕಲಸಿ ಒಂದು ತುತ್ತು ಎತ್ತಿದ.

ಸಾರು ತಂದ ಹೆಂಡತಿ ಆ ಎಡಗೈಯನ್ನು ಕಂಡಳು. ಅದೇನಪ್ಪ ಎಂದು ಕೇಳಿದಳು. ಅವನು ಹೇಳಿದ.

ಅವಳು ಗಂಡನ ಕಡೆ ತಿರುಗಿದಳು. “ಇದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ಒಂದು ತುತ್ತು ಅಷ್ಟೇ, ಆಮೇಲೆ ಹೋಗ್ತಾನೆ.”

ಹೆಂಡತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಬಗ್ಗಿದಳು. ಕೂಲಿಯವನ ಮುಂದಿದ್ದ ಎಲೆಯನ್ನು ಎರಡೂ ಕೈಯಿಂದ ಎತ್ತಿಬಿಟ್ಟಳು.

“ಬಡಿಸಿದ ಎಲೆಯನ್ನೇ?” ಎಂದ ಶಿಷ್ಯ. ಬಡಿಸಿದ ಎಲೆಯ ಮುಂದಿನಿಂದ ವೈರಿಯನ್ನು ಕೂಡ ಎಬ್ಬಿಸಬಾರದೆಂದು ಅವನು ಓದಿದ್ದ.

“ಬಡಿಸಿದ ಎಲೆಯನ್ನೇ” ಎಂದರು ಗುರುಗಳು.

ಬಾಗಿಲಲ್ಲಿ ನಿಂತಿದ್ದ ಆಳುಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಗೃಹಸ್ಥನಿಗೆ ನಿಂತ ನೆಲ ಕುಸಿದಂತಾಯಿತು. ತನ್ನ ಮನೆಯಲ್ಲಿ, ತನ್ನ ಕಣ್ಣ ಮುಂದೆ, ತನ್ನ ಹೆಂಡತಿಯ ಕೈಯಿಂದ ಹೀಗಾಗಬಹುದೆಂದು ಅವನು ಕನಸಿನಲ್ಲಿಯೂ ನೆನೆದಿರಲಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ ಅವನು ಅಷ್ಟು ಬೆಚ್ಚುತ್ತಿರಲಿಲ್ಲ.

“ಎದ್ದೇಳಪ್ಪ, ಓಡು” ಎಂದಳು ಹೆಂಡತಿ. ಕೂಲಿಯವನು ಅನ್ನ ಮೆತ್ತಿದ ಕೈ ತೊಳೆಯದೆ ಎದ್ದು ಓಡಿದ. ಅವಳು ಎಲೆಯನ್ನು ಮೂಲೆಗಿಟ್ಟು ಅವನ ಹಿಂದೆಯೇ ದಾರಿಯವರೆಗೆ ಹೋದಳು. ಮನೆ ಎಲ್ಲಿ, ಬೇರನ್ನು ಯಾವುದರಲ್ಲಿ ತೇಯಬೇಕು, ಮಗುವಿನ ಹತ್ತಿರ ಯಾರಿದ್ದಾರೆ ಎಂದು ಕೂಗಿ ಕೇಳಿದಳು. ಮುಂದಿನ ಊರು, ಹಾಲಿನಲ್ಲಿ ತೇಯಬೇಕು, ಹಾಲಿಲ್ಲ, ತಾಯಿ ಹೋದ ವಾರವೇ ಅದೇ ಜ್ವರದಲ್ಲಿ ತೀರಿಕೊಂಡಳು, ಮಗು ಒಂದೇ ಇದೆ ಎಂದು ಅವನು ಓಡುತ್ತಲೇ ಹೇಳಿದ.

ಅವಳು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತಳು. ಗೃಹಸ್ಥ ಅಲ್ಲಿಗೂ ಬಂದ. ಏನು ಮಾಡಿದೆ, ಏನು ಮಾಡಿಬಿಟ್ಟೆ ಎಂದು ಅದನ್ನೇ ಹೇಳುತ್ತ ಅವಳ ಹಿಂದೆ ನಿಂತ. ಅವಳು ಹಾಲು ಕರೆದು, ಚೊಂಬಿನ ಬಾಯಿಗೆ ಎಲೆ ಮುಚ್ಚಿ ಎದ್ದಳು. ಹೊರಟವಳು ಜ್ವರದ ಮನೆಗೆ ಎಂದು ಅವನಿಗೆ ಆಗ ಹೊಳೆಯಿತು. ಮೊದಲೇ ಓಡಿ ತಲೆಬಾಗಿಲ ಹೊಸಿಲಿನ ಉದ್ದಕ್ಕೂ ಅಡ್ಡ ಮಲಗಿದ. ಪರಊರಿನ ಗಂಡಸನ್ನು ತಡೆದದ್ದು ಕೈಹಿಡಿದವಳನ್ನು ತಡೆಯದೇ ಎಂದು ಅವನ ಧೈರ್ಯ. “ಹೋಗೋದಾದ್ರೆ ನನ್ನ ದಾಟಿ ಹೋಗು” ಎಂದು ಕಣ್ಣು ಮುಚ್ಚಿದ.

ಅವಳು ನಿಂತಳು. ಮಲಗಿದವನ ಎದೆ ಏರಿ ಇಳಿಯುವುದನ್ನು ನೋಡಿದಳು.

“ನಿಮ್ಮ ಉಸ್ರು ಸರಾಗವಾಗಿದೆ” ಎಂದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಅವನನ್ನು ದಾಟಿ ಹೋದಳು. ಚೊಂಬಿನಿಂದ ಒಂದೆರಡು ಹನಿ ಹಾಲು ಅವನ ಎದೆಯ ಮೇಲೆ ಬಿತ್ತು.

ಶಿಷ್ಯ ಎರಡೂ ಕಿವಿ ಮುಚ್ಚಿಕೊಂಡ. ಗುರುಗಳು ಅವನ ಕೈ ಇಳಿಯುವವರೆಗೆ ಕಾದು ಮುಂದುವರಿಸಿದರು.

ಗೃಹಸ್ಥ ಹೊಸಿಲಿನಿಂದ ಏಳಲಿಲ್ಲ. ದಾಟಿದ ಕಾಲಿನ ನೆರಳು ಇನ್ನೂ ಮೈಮೇಲೆಯೇ ಇದ್ದಂತಿತ್ತು. ಆಳುಗಳು ಎಬ್ಬಿಸಿ ಒಳಗೆ ಕೂರಿಸಿದರು. ಆಗ ಅವನಿಗೆ ಮೂಲೆಯಲ್ಲಿದ್ದ ಎಲೆ ಕಣ್ಣಿಗೆ ಬಿತ್ತು. ಅದರಲ್ಲಿ ಅನ್ನ ಕಲಸಿತ್ತು. ಬೆರಳಿನ ಗುರುತಿತ್ತು. ಎಲೆ ಎತ್ತುವಾಗ ತುತ್ತು ಕೂಲಿಯವನ ಕೈಯಲ್ಲಿತ್ತು. ಅದು ಬಾಯಿಗೆ ಹೋಯಿತೋ, ಕೆಳಗೆ ಬಿತ್ತೋ? ಅವನು ನೋಡಿರಲಿಲ್ಲ. ಅವನ ಕಣ್ಣೆಲ್ಲ ಹೆಂಡತಿಯ ಕೈಮೇಲಿತ್ತು.

ಎಲೆಯನ್ನು ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡು ಅವನು ಊರಿನ ಶಾಸ್ತ್ರ ಬಲ್ಲವರ ಬಳಿಗೆ ಹೋದ. ಅವರು ಎಲೆಯ ಸುತ್ತ ಕೂತರು. ಅನ್ನ ಕಲಸಿದೆ, ಆದ್ದರಿಂದ ಊಟ ಆರಂಭವಾಗಿದೆ ಎಂದ ಒಬ್ಬ. ಕಲಸಿದ್ದು ಊಟವಲ್ಲ, ಗಂಟಲಿಗೆ ಇಳಿದದ್ದು ಊಟ ಎಂದ ಇನ್ನೊಬ್ಬ. ಅಡ್ಡಗಟ್ಟಿ ಕರೆತಂದವನು ಅತಿಥಿಯೇ ಅಲ್ಲ ಎಂದು ಮೂಲೆಯಲ್ಲಿದ್ದವನೊಬ್ಬ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಹಿರಿಯ ಬಗ್ಗಿ, ಎಲೆಯಲ್ಲಿ ಒಂದು ತುತ್ತಿನಷ್ಟು ಅನ್ನ ಕಡಿಮೆಯಾಗಿದೆಯೇ ಎಂದು ಪರೀಕ್ಷಿಸಿದ. ಚೆಲ್ಲಿದ್ದರಿಂದ ತಿಳಿಯಲಿಲ್ಲ. ವಾದ ಬೆಳೆಯಿತು. ಅವರು ಮಾತಾಡುತ್ತಿದ್ದಂತೆಯೇ ಹೊತ್ತು ಮುಳುಗಿತು.

ಕೊನೆಗೆ ತೀರ್ಪು ಬಂತು. ಎಲೆ ಎತ್ತಿದ್ದಕ್ಕೂ ಗಂಡನನ್ನು ದಾಟಿದ್ದಕ್ಕೂ ಹೆಂಗಸಿಗೆ ಪ್ರಾಯಶ್ಚಿತ್ತ ಆಗಲೇಬೇಕು, ಏನೆಂದು ಆಮೇಲೆ ನೋಡೋಣ. ವ್ರತದ ಮಾತು ಬೇರೆ. ಹೊತ್ತು ಮುಳುಗುವ ಮೊದಲು ಅತಿಥಿಯ ಗಂಟಲಿಗೆ ಒಂದೇ ಒಂದು ಅಗುಳು ಇಳಿದಿದ್ದರೂ ವ್ರತ ಉಳಿದಿದೆ. ಇಳಿಯಿತೋ ಇಲ್ಲವೋ ಉಂಡವನೇ ಹೇಳಬೇಕು.

ಗೃಹಸ್ಥನಿಗೆ ಹೋದ ಜೀವ ಬಂದಂತಾಯಿತು. ಅದು ಇತ್ಯರ್ಥವಾಗುವವರೆಗೆ ನೀರು ಕುಡಿಯುವ ಹಾಗಿರಲಿಲ್ಲ. ಬೆಳಗಾದ ಕೂಡಲೇ ಒಣಗಿದ ಬಾಯಲ್ಲಿ ಹೊರಟ. ಕೂಲಿಯವನ ಊರಿನ ಬಾಗಿಲಲ್ಲಿ ಜನ, ಒಳಗೆ ಹೋಗಬೇಡಿ, ಜ್ವರವಿದೆ ಎಂದರು. ಅವನು ಹೋದ. ವ್ರತಕ್ಕಾಗಿ ಅವನು ಸಾವಿಗೂ ಹೆದರಲಿಲ್ಲ. ಅದು ಸಣ್ಣ ಧೈರ್ಯವಲ್ಲ.

ಕೂಲಿಯವನ ಮನೆ ಸಿಕ್ಕಿತು. ಅವನು ಬಾಗಿಲ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಅವನ ಬಲಗೈ ಬೆರಳುಗಳಲ್ಲಿ ಒಣಗಿದ ಅನ್ನ ಇನ್ನೂ ಅಂಟಿಕೊಂಡಿತ್ತು. ಗೃಹಸ್ಥ ಕೈ ಮುಗಿದ.

“ನಿನ್ನೆ ಆ ತುತ್ತು ನುಂಗಿದ್ಯೇನಪ್ಪ? ಒಂದು ಅಗುಳಾದ್ರೂ ಒಳಗೆ ಹೋಯ್ತಾ? ಅದೊಂದು ಹೇಳಿಬಿಡು, ನಿನಗೆ ಪುಣ್ಯ ಬರತ್ತೆ.”

ಕೂಲಿಯವನು ತಲೆ ಎತ್ತಿ ನೋಡಿದ. ಕೇಳಿಸಲಿಲ್ಲವೇನೋ ಎಂದು ಗೃಹಸ್ಥ ಅದನ್ನೇ ಇನ್ನೊಮ್ಮೆ ಕೇಳಿದ. ಒಳಗಿನಿಂದ ಗೃಹಸ್ಥನ ಹೆಂಡತಿ ಬಾಗಿಲಿಗೆ ಬಂದಳು. ರಾತ್ರಿಯೆಲ್ಲ ಕಣ್ಣು ಮುಚ್ಚದವಳ ಮುಖ. ಯಾವ ಊರಿನವನೋ ಎಂಬಂತೆ ಗಂಡನನ್ನು ನೋಡಿದಳು. ಆಮೇಲೆ ಕೂಲಿಯವನ ಭುಜ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಕತೆ ಇಷ್ಟೇ” ಎಂದರು ಗುರುಗಳು.

ಎತ್ತಿದ ಎಲೆ, ದಾಟಿದ ಕಾಲು, ಎರಡೂ ಶಿಷ್ಯನ ಕಣ್ಣ ಮುಂದಿನಿಂದ ಸರಿಯಲೊಲ್ಲವು. ಇಂಥದ್ದನ್ನು ಅವನು ಯಾವ ಪುರಾಣದಲ್ಲಿಯೂ ಕೇಳಿರಲಿಲ್ಲ. ಅವನು ಕೇಳಿದ.

“ಆ ಹೆಂಗಸಿಗೆ ಏನು ಪ್ರಾಯಶ್ಚಿತ್ತ ವಿಧಿಸಿದರು?”

“ಗೊತ್ತಿಲ್ಲ.”

“ಅವಳು ದಾಟಿದ್ದರಿಂದ ಗೃಹಸ್ಥನ ಆಯುಸ್ಸಿಗೆ ಏನಾದರೂ ಆಯಿತೇ?”

“ಗೊತ್ತಿಲ್ಲ.”

“ತುತ್ತು ನುಂಗಿದ್ದನೇ? ನುಂಗಿದ್ದರೆ ಅವರು ಹೇಳಿದ್ದು ಸರಿ ಗುರುಗಳೇ, ವ್ರತ ಉಳಿದ ಹಾಗೆಯೇ. ವಿಧಿ ಹಾಗೇ ಇದೆ.”

“ಅದೂ ಗೊತ್ತಿಲ್ಲ.”

ಶಿಷ್ಯನಿಗೆ ಸಿಟ್ಟು ಬಂತು. “ಯಾವುದನ್ನು ಕೇಳಿದರೂ ಗೊತ್ತಿಲ್ಲ ಎನ್ನುತ್ತೀರಿ. ನಾನು ಕೇಳಿದ ಗುರುತು ಈ ಕತೆಯಲ್ಲಿ ಎಲ್ಲಿದೆ?”

ಗುರುಗಳು ಅವನನ್ನೇ ನೋಡಿದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ದಿಗಿಲಿತ್ತು.

“ಮಗು ಉಳಿಯಿತೇ ಎಂದು ನೀನೂ ಕೇಳಲಿಲ್ಲ.”